ಕೂಡಿಸಿ ಹೇಳಿದ ಎರಡು ಗಂಟೆ

ಎರಡು ಊರುಗಳ ನಡುವಿನ ಆಕಾಶಮಾರ್ಗವನ್ನು ದಾರದಿಂದ ಅಳೆಯುವ ಮನುಷ್ಯನನ್ನು ನಾನು ಇವರೊಬ್ಬರನ್ನು ಬಿಟ್ಟು ಬೇರೆ ಕಂಡಿಲ್ಲ. ನನ್ನ ಬಾಡಿಗೆ ಕೋಣೆಯ ಕೆಳಗೇ ಅವರ ವಿಮಾನ ಟಿಕೆಟ್ಟಿನ ಅಂಗಡಿ. ಸಕಲವನ್ನೂ ಕ್ಷಣಾರ್ಧದಲ್ಲಿ ಹೇಳಬಲ್ಲ ಕಂಪ್ಯೂಟರು ಎದುರಿಗಿದ್ದರೂ, ಬೂದುಬಣ್ಣದ ಕೋಟಿನ ಜೇಬಿನಿಂದ ಕೆಂಪು ದಾರದ ಉಂಡೆ ತೆಗೆದು, ಮೇಜಿನ ಗ್ಲೋಬಿನ ಮೇಲೆ ಈ ಊರಿನಿಂದ ಆ ಊರಿಗೆ ಬಿಗಿಯಾಗಿ ಎಳೆದು ತೋರಿಸಿದ ಮೇಲೆಯೇ ಅವರ ಮುಂದಿನ ಮಾತು. ನಾವು ಅವರನ್ನು ದಾರದಪ್ಪನೆಂದು ಕರೆಯುತ್ತಿದ್ದೆವು. ಅದು ಅವರಿಗೂ ಗೊತ್ತಿತ್ತು.

ದೂರದ ವಿಷಯದಲ್ಲಿ ಇಷ್ಟು ನಿಷ್ಠುರರಾದ ಈ ಮಹಾಶಯರು ಕಾಲದ ವಿಷಯದಲ್ಲಿ ಮಾತ್ರ ಹಸಿ ಸುಳ್ಳುಗಾರರು. ಒಂಬತ್ತು ಗಂಟೆಯ ಹಾರಾಟವಾದರೆ "ಹನ್ನೊಂದು ಅಂತ ಇಟ್ಕೊಳ್ಳಿ" ಎನ್ನುವರು. ಟಿಕೆಟ್ಟಿನಲ್ಲಿ ಬೇರೆಯೇ ಅಚ್ಚಾಗಿದೆಯಲ್ಲ ಎಂದು ನಾನೊಮ್ಮೆ ಕೆಣಕಿದ್ದಕ್ಕೆ, "ತಡ ಆದ್ರೆ ಬೈಸ್ಕೊಳ್ಳೋನು ನಾನು ತಾನೆ? ಬೇಗ ಇಳಿದೋರು ಯಾರೂ ವಾಪಸ್ ಬಂದು ಬೈದಿಲ್ಲ ಸ್ವಾಮಿ" ಎಂದರು. ಸ್ವಂತ ನಡೆಯಲ್ಲೂ ಅದೇ ಧಾಟಿ. ಯಾರ ಮನೆಗೆ ಕರೆದರೂ ಮುಂದಕ್ಕೆ ಬಾಗಿಕೊಂಡು ದಾಪುಗಾಲಿನಲ್ಲಿ ಬಹಳ ಮುಂಚೆಯೇ ಬಂದು, ಬಾಗಿಲು ಮಾತ್ರ ತಟ್ಟದೆ, ಎದುರು ಬದಿಯಲ್ಲಿ ಅಂಗಡಿಗಳ ನಾಮಫಲಕ ಓದುತ್ತ ನಿಂತಿರುವರು.

ತಾಯಿಯಿಲ್ಲದ ಅವರನ್ನು ಎತ್ತಿ ಆಡಿಸಿ ಬೆಳೆಸಿದವಳು ಅಕ್ಕ. ಆಕೆ ಸಮುದ್ರದಾಚೆ ಮಗಳ ಮನೆಯಲ್ಲಿದ್ದಾಗ ಎದೆಯ ಶಸ್ತ್ರಚಿಕಿತ್ಸೆ ಅನಿವಾರ್ಯವಾಯಿತು. ತಮ್ಮನ ಮುಖ ನೋಡದೆ ಒಳಗೆ ಹೋಗಲಾರೆನೆಂದು ಆಕೆ ಹಟ ಹಿಡಿದಳು. ಮರುದಿನ ಮಧ್ಯಾಹ್ನ ಹನ್ನೆರಡರವರೆಗೆ ಕಾಯುತ್ತೇವೆ, ಅದರಾಚೆ ಆಗದು ಎಂದರು ವೈದ್ಯರು. "ಮಾವ, ಎಷ್ಟು ಹೊತ್ತಿಗೆ ಬರ್ತೀರಿ?" ಎಂದು ಅಕ್ಕನ ಮಗಳು ಫೋನಿನಲ್ಲಿ ಕೇಳಿದಳು. ಇವರು ದಾರವನ್ನೆಳೆದು, "ನಾಳೆ ಮಧ್ಯಾಹ್ನ ಎರಡು ಗಂಟೆ ಅಂತ ಇಟ್ಕೊಳ್ಳಮ್ಮ" ಎಂದುಬಿಟ್ಟರು. ಮಾವ ಮನಸ್ಸಿಗೆ ಹಚ್ಚಿಕೊಂಡಾರೆಂದು ಹುಡುಗಿ ಗಡುವಿನ ಮಾತನ್ನೇ ಎತ್ತಲಿಲ್ಲ. ಎರಡಕ್ಕೆ ಬರುವವರಿಗಾಗಿ ಹನ್ನೆರಡರವರೆಗೆ ಕಾಯುವುದರಲ್ಲಿ ಏನರ್ಥ? ಬೆಳಿಗ್ಗೆಯೇ ಅಕ್ಕ ಒಬ್ಬಳೇ ಒಳಗೆ ಹೋದಳು. ಹನ್ನೆರಡಕ್ಕೆ ಮೊದಲೇ ಆಸ್ಪತ್ರೆ ಮುಟ್ಟಿದ ತಮ್ಮ, ಮುಚ್ಚಿದ ಬಾಗಿಲೆದುರು ಕೋಟನ್ನೂ ಬಿಚ್ಚದೆ ಕುಳಿತರು.

ಪುಣ್ಯಕ್ಕೆ ಅಕ್ಕ ಉಳಿದಳು. ಎಚ್ಚರಾದ ಮೇಲೆ ತಮ್ಮನನ್ನು ನೋಡಿ ಆಕೆ ಆಡಿದ ಮೊದಲ ಮಾತನ್ನು, ಹಿಂತಿರುಗಿದ ವಾರ ಅವರೇ ನನಗೆ ಹೇಳಿದರು: "'ನಂಗೂ ಕೂಡಿಸಿ ಹೇಳಿದ್ಯೇನೋ?' ಅಂದ್ಳು. ಬೈದಿದ್ರೆ ಚೆನ್ನಾಗಿತ್ತು. ನಕ್ಕುಬಿಟ್ಲು." ಇಷ್ಟು ಹೇಳಿ ದಾರವನ್ನು ಸುತ್ತತೊಡಗಿದರು. ನನಗೆ ಅವರ ಮೇಲೆ ಮರುಕ ಹುಟ್ಟಿತು.

ದಾರ ಇಂದಿಗೂ ಜೇಬಿನಲ್ಲಿದೆ, ಸುಳ್ಳೂ ಪೂರ್ತಿ ಹೋಗಿಲ್ಲ. ಆದರೆ ಗಿರಾಕಿಗೆ ಈಗ ಮೊದಲು ಒಂದು ಪ್ರಶ್ನೆ ಹಾಕುತ್ತಾರೆ: "ಅಲ್ಲಿ ನಿಮಗೋಸ್ಕರ ಯಾರಾದ್ರೂ ಕಾಯ್ತಾ ಇದ್ದಾರಾ?" ಹೌದೆಂದರೆ ದಾರವನ್ನು ಮುಟ್ಟದೆ, ಪರದೆಯ ಮೇಲಿನ ಹೊತ್ತನ್ನು ಇದ್ದಂತೆಯೇ ಓದುತ್ತಾರೆ, "ಅಂತ ಇಟ್ಕೊಳ್ಳಿ" ಎನ್ನುವುದಿಲ್ಲ.

ಮಾತು ತಪ್ಪೀತೆಂಬ ಅಂಜಿಕೆಯಿಂದ ಭರವಸೆಯನ್ನು ಸದಾ ಒಂದು ಹಿಡಿ ಕಡಿಮೆಯೇ ಅಳೆದು ಕೊಡುವ ಸಜ್ಜನರು ಲೋಕದಲ್ಲಿ ಬಹಳ ಮಂದಿ. ಅವರನ್ನು ನೆಚ್ಚಿದವರಿಗೆ ಎಂದೂ ನಿರಾಶೆಯಾಗುವುದಿಲ್ಲ. ಆದರೆ ಇನ್ನೇನು ಬಂದೇಬಿಟ್ಟರು ಎಂಬ ಧೈರ್ಯ ಬೇಕಾದ ಗಳಿಗೆಯಲ್ಲಿ, ಅವರು ಹತ್ತಿರದಲ್ಲೇ ಇದ್ದರೂ, ನಾವು ಒಬ್ಬರೇ ಒಳಗೆ ಹೋಗಬೇಕಾಗುತ್ತದೆ.