ಅರಿವಳಿಕೆಗೆ ಹೆದರಿ ಮುಂದೂಡಿದ ಆಪರೇಷನ್

ಆ ಮನೆಯ ಮುಂದಿನ ಕೋಣೆಯೇ ಚಪ್ಪಲಿ ಅಂಗಡಿ. ಗಂಡ ತೊಗಲು ಕತ್ತರಿಸಿ ಹೊಲಿದರೆ ಹೆಂಡತಿ ಅಟ್ಟೆಗೆ ಅಂಟು ಹಚ್ಚುತ್ತಿದ್ದಳು. ಅಂಟಿನ ಡಬ್ಬ ತೆರೆಯುವ ಮೊದಲು ಕಿಟಕಿ ತೆರೆಯಬೇಕು, ಇಲ್ಲದಿದ್ದರೆ ತಲೆ ಗಿರ್ರೆನ್ನುತ್ತದೆ.

ಹೆಂಡತಿಯ ಎದೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಡಾಕ್ಟರು ಕ್ಯಾನ್ಸರ್ ಎಂದರು, ಆಪರೇಷನ್ನಿಗೆ ದಿನವೂ ಗೊತ್ತಾಯಿತು. ಅಷ್ಟರಲ್ಲಿ ಗಂಡನ ಮೊಬೈಲಿಗೊಂದು ವಿಡಿಯೋ ಬಂತು.

"ಆಪರೇಷನ್ನಿಗೆ ಮೂಗಿಗೆ ವಾಸನೆ ಮದ್ದು ಕೊಟ್ಟು ಮಲಗಿಸಿದರೆ ರೋಗನಿರೋಧಕ ಶಕ್ತಿನೇ ಸತ್ತುಹೋಗುತ್ತಂತೆ. ಆಮೇಲೆ ಗಡ್ಡೆ ಮೈತುಂಬ ಹರಡುತ್ತಂತೆ!" ಎಂದು ನಾದಿನಿಗೆ ತೋರಿಸಿದ. ಅವಳು ಆಸ್ಪತ್ರೆಯಲ್ಲಿ ನರ್ಸ್.

"ಭಾವ, ವಿಡಿಯೋ ಮಾಡಿದವನು ಅಕ್ಕನ ರಿಪೋರ್ಟ್ ನೋಡಿದ್ದಾನಾ?"

"ನಮ್ಮ ಅಂಟಿನ ವಾಸನೆಗೇ ತಲೆ ತಿರುಗುತ್ತೆ. ಗಂಟೆಗಟ್ಟಲೆ ಮೂಗಿಗೆ ಹಿಡಿದರೆ ಏನಾಗಬೇಡ?"

"ಅರಿವಳಿಕೆ ಅಂದ್ರೆ ಚಪ್ಪಲಿ ಅಂಟಲ್ಲ. ಅದನ್ನ ಕೊಡೋದಕ್ಕೇ ಓದಿದ ಡಾಕ್ಟರ್ ಇದ್ದಾರೆ. ಬನ್ನಿ, ಅವರನ್ನೇ ಕೇಳೋಣ."

"ಅವರ ಮುಂದೆ ನಾನೇನು ಬಾಯಿ ಬಿಡಲಿ? ನಿನಗೇನು ಗೊತ್ತು ಅಂತ ಬೈದರೆ?"

ಗಿರಾಕಿಯ ಹೆಬ್ಬೆರಳಿಗೆ ಚಪ್ಪಲಿ ಒತ್ತುತ್ತದೆಯೇ ಎಂದು ಹತ್ತು ಸಲ ಕೇಳುವ ಮನುಷ್ಯ ಇವನು! ಡಾಕ್ಟರ ಕೋಣೆಯ ಬಾಗಿಲು ಕಂಡರೆ ಮಾತ್ರ ನಾಲಗೆ ಒಣಗುತ್ತಿತ್ತು. ನಾದಿನಿ ಎಷ್ಟು ಹೇಳಿದರೂ ಆಪರೇಷನ್ ಬೇಡವೆಂದು ಆಸ್ಪತ್ರೆಗೆ ಹೇಳಿಬಿಟ್ಟ. ವಿಡಿಯೋದಲ್ಲಿ ಹೇಳಿದಂತೆ ವಾಸನೆ ಇಲ್ಲದೆ, ಬರೀ ಇಂಜೆಕ್ಷನ್ನಿನಲ್ಲಿ ಮಲಗಿಸುವ ಆಸ್ಪತ್ರೆ ಹುಡುಕುತ್ತ ಊರೂರು ಅಲೆದ. ಬಸ್ಸಿನಲ್ಲಿ ಪಕ್ಕ ಕೂತವರನ್ನು ಕೇಳಿದ, ಔಷಧಿ ಅಂಗಡಿಯವನನ್ನು ಕೇಳಿದ. ಪ್ರತಿ ಸಲವೂ "ಇನ್ನೊಂದು ಕಡೆ ನೋಡೋಣ" ಎಂದು ಮನೆಗೆ ಬಂದ.

ತಿಂಗಳುಗಳು ಉರುಳಿದವು. ಹೆಂಡತಿ ಅಂಟಿನ ಕುಂಚವನ್ನು ಎಡಗೈಗೆ ಬದಲಾಯಿಸಿಕೊಂಡಳು. ಬಲಗೈ ಎತ್ತಲು ಆಗುತ್ತಿರಲಿಲ್ಲ.

"ಯಾಕಕ್ಕಾ, ಕೈಗೇನಾಯ್ತು?" ಎಂದು ನಾದಿನಿ ಕಂಕುಳಿಗೆ ಬೆರಳಿಟ್ಟು ನೋಡಿದಳು. ಅಲ್ಲಿಯೂ ಗಟ್ಟಿಯಾದ ಗಂಟು. ರೋಗ ಅಲ್ಲಿಗೂ ಹರಡಿದೆಯೆಂದು ಅವಳಿಗೆ ಹೊಳೆಯಿತು. ಇಬ್ಬರನ್ನೂ ಮೊದಲಿನ ಆಸ್ಪತ್ರೆಗೇ ಎಳೆದುಕೊಂಡು ಹೋದಳು.

ಗಂಡ ವಿಡಿಯೋದ ಮಾತು ಹೇಳಿದಾಗ ಅರಿವಳಿಕೆ ಡಾಕ್ಟರಮ್ಮ ಬೈಯಲಿಲ್ಲ. ಕುರ್ಚಿ ಹತ್ತಿರ ಎಳೆದು ಕೂತರು.

"ನಿಮ್ಮದು ಒಳ್ಳೆ ಪ್ರಶ್ನೆನೇ. ಆಪರೇಷನ್ ಅಂದ್ರೆ ಮೈಗೆ ಪೆಟ್ಟು. ಆ ಪೆಟ್ಟಿಗೆ, ನೋವಿಗೆ ರೋಗನಿರೋಧಕ ಶಕ್ತಿ ಕೆಲವು ದಿನ ಕುಗ್ಗುತ್ತೆ. ಕೆಲವು ಅರಿವಳಿಕೆ ಮದ್ದಿನಿಂದ ಇನ್ನೂ ಸ್ವಲ್ಪ ಕುಗ್ಗಬಹುದು ಅಂತ ಪ್ರಯೋಗಾಲಯದಲ್ಲಿ ಸುಳಿವು ಸಿಕ್ಕಿದೆ. ಆದ್ರೆ ಮದ್ದು ಬದಲಿಸಿದ್ರೆ ಕ್ಯಾನ್ಸರ್ ಮತ್ತೆ ಬರಲ್ಲ ಅಂತ ಇದುವರೆಗೆ ಸಾಬೀತಾಗಿಲ್ಲ. ಗಡ್ಡೆ ಒಳಗೇ ಬಿಟ್ಟರೆ ಬೆಳೆಯುತ್ತೆ, ಅದು ಮಾತ್ರ ಖಂಡಿತ."

"ಹಾಗಾದ್ರೆ... ಆ ವಾಸನೆ ಇಲ್ಲದ ಇಂಜೆಕ್ಷನ್ ಎಲ್ಲಿ ಸಿಗುತ್ತೆ ಅಮ್ಮಾ?"

"ಇಲ್ಲೇ ಇದೆ. ರಕ್ತನಾಳಕ್ಕೆ ಮದ್ದು ಕೊಟ್ಟು ಮಲಗಿಸಬಹುದು, ನೋವು ತಿಳಿಯದ ಹಾಗೆ ಎದೆ ಹತ್ತಿರ ಇನ್ನೊಂದು ಇಂಜೆಕ್ಷನ್. ಇವರಿಗೆ ಅದು ಹೊಂದುತ್ತೆ. ಅವತ್ತೇ ಕೇಳಿದ್ದರೂ ಕೊಡ್ತಿದ್ದೆ."

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ. ಬೇರೆ ಹೊತ್ತಿನಲ್ಲಾದರೆ ನಾದಿನಿಯೇ ಈ ಗಾದೆ ಹೇಳಿ ಭಾವನನ್ನು ರೇಗಿಸುತ್ತಿದ್ದಳು. ಅವನು ಮುಖ ಮುಚ್ಚಿಕೊಂಡು ಅಲ್ಲೇ ಅತ್ತುಬಿಟ್ಟ.

ಆಪರೇಷನ್ ಆಯಿತು. ಎದೆಯ ಗಡ್ಡೆಯ ಜೊತೆಗೆ ಕಂಕುಳಿನ ಗಂಟುಗಳನ್ನೂ ತೆಗೆದರು. ಈಗ ಮುಂದಿನ ಚಿಕಿತ್ಸೆ ನಡೆದಿದೆ. ಕೂದಲು ಉದುರಿದೆ, ಕೈ ಊದಿಕೊಂಡಿದೆ. ಮೊದಲು "ಗುಣವಾಗುತ್ತೆ" ಎಂದಿದ್ದ ಡಾಕ್ಟರು ಈಗ "ನೋಡೋಣ" ಎನ್ನುತ್ತಾರೆ.

"ಇವರು ಕೆಟ್ಟವರಲ್ಲ," ಎಂದಳು ಹೆಂಡತಿ ತಂಗಿಗೆ. "ಊರೆಲ್ಲ ಕೇಳಿದರು, ಕೇಳಬೇಕಾದವರನ್ನ ಬಿಟ್ಟು. ನಾನಾದರೂ ಬಾಯಿ ಬಿಡಬೇಕಿತ್ತು. ಮೈ ನಂದಲ್ವಾ?"

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಆಪರೇಷನ್ ಇದ್ದರೆ ಅರಿವಳಿಕೆ ಡಾಕ್ಟರನ್ನು ಮೊದಲೇ ಕಾಣಿ. ಯಾವ ಮದ್ದು ಕೊಡುತ್ತೀರಿ, ಯಾಕೆ, ಬೇರೆ ದಾರಿ ಇದೆಯೇ ಎಂದು ಬಾಯಿಬಿಟ್ಟು ಕೇಳಿ. ಬೀಡಿ, ಕುಡಿತ, ಹಳೆಯ ಕಾಯಿಲೆ, ನುಂಗುವ ಮಾತ್ರೆ ಯಾವುದನ್ನೂ ಮುಚ್ಚಿಡಬೇಡಿ. ಆಪರೇಷನ್ ಆದಮೇಲೆ ನೋವನ್ನು ಹಲ್ಲು ಕಚ್ಚಿ ಸಹಿಸಬೇಡಿ, ನರ್ಸಿಗೆ ಹೇಳಿ. ಆದರೆ ಹೆದರಿ ದಿನ ಮಾತ್ರ ಮುಂದೂಡಬೇಡಿ. ನಿಮ್ಮ ಸಂಕೋಚ ಮುಗಿಯಲಿ ಎಂದು ಗಡ್ಡೆ ಕಾಯುವುದಿಲ್ಲ.