ಸಖುಬಾಯಿ ತೋರಿಸಿದ ಗವಿ

ಸಖುಬಾಯಿ ಗದರಿದರೆ ಕುರಿಗಳೂ ಮೇಯುವುದು ಬಿಟ್ಟು ತಲೆ ಎತ್ತುತ್ತಿದ್ದವು. ಅಂಥ ಹೆಂಗಸು ಅಳಿಯನ ಒಂದೇ ಮಾತಿಗೆ ಕರಗಿಬಿಟ್ಟಳಲ್ಲ, ಏನು ಹೇಳುವುದು.

ಅಳಿಯ ಸತೀಶಕುಮಾರ ಹೊರಗಿನವನಲ್ಲ, ಅಣ್ಣನ ಮಗನೇ. ಹುಮನಾಬಾದಿನಲ್ಲಿ ಜೀಪು ಇಟ್ಟುಕೊಂಡಿದ್ದ. ಬಸವಕಲ್ಯಾಣದ ಕೋಟೆ ನೋಡಲು ಬಂದ ಪ್ರವಾಸಿಗಳನ್ನು ದುಬಲಗುಂಡಿ ಕಡೆಯ ಹುಲ್ಲುಗಾವಲಿಗೆ ಕರೆತಂದು ಚಿಗರಿ ತೋರಿಸುತ್ತಿದ್ದ. ಈಗೀಗ ಬಂದವರಿಗೆ ಚಿಗರಿ ಸಾಲದು, ತೋಳವೇ ಬೇಕು. ತೋಳ ಮರಿ ಹಾಕಿದ ಗವಿ ಅತ್ತೆಗೆ ಗೊತ್ತು ಅನ್ನುವುದು ಅವನಿಗೆ ಗೊತ್ತಿತ್ತು.

ಅದನ್ನು ಕುರಿಯವರು ಯಾರಿಗೂ ಹೇಳುವುದಿಲ್ಲ. ಸಖುಬಾಯಿಯ ಮನೆಯಲ್ಲಿ ತೋಳದ ಹೆಸರನ್ನೂ ಎತ್ತುತ್ತಿರಲಿಲ್ಲ, 'ಆಕಿ' ಅನ್ನುತ್ತಿದ್ದರು. ಆಗೊಂದು ಈಗೊಂದು ಕುರಿಮರಿ ಹೋದರೆ ಶಾಪ ಹಾಕಿ ಸುಮ್ಮನಾಗುವುದು, ಆಕಿ ಹಡೆದಾಗ ನಾಯಿ ಕಟ್ಟಿಹಾಕುವುದು. ಅದಕ್ಕೇ ಇರಬೇಕು, ಕರಿ ಕಂಬಳಿ ಹೊದ್ದವರನ್ನು ಕಂಡರೆ ತೋಳ ಓಡುತ್ತಿರಲಿಲ್ಲ.

"ಹೈದರಾಬಾದಿನ ಮೇಡಂ ಒಬ್ಬರು ಬಂದಾರ್ರಿ ಅತ್ತಿ. ದೂರ ಕುಂತು ನೋಡ್ತಾರ, ಅಷ್ಟ. ನಮ್ಮ ಸೀಮ್ಯಾಗ ಇಂಥಾದ್ದು ಅದ ಅಂತ ಮಂದಿಗಿ ತಿಳೀಲಿ" ಅಂದ ಸತೀಶಕುಮಾರ.

ಒಲ್ಲೆ ಅಂದಿದ್ದರೆ ಮುಗಿಯುತ್ತಿತ್ತು. ಆದರೆ 'ನಮ್ಮ ಸೀಮೆ' ಅಂದದ್ದು ಮುದುಕಿಗೆ ಹಿತವಾಯಿತು.

"ಪ್ಯಾಂಟು ಕಂಡ್ರ ಆಕಿ ಬರಂಗಿಲ್ಲ. ನನ್ನ ಕಂಬಳಿ ಹೊದ್ದು ಕುಂದರಲಿ" ಅಂದಳು.

ಮೇಡಂ ಕಂಬಳಿ ಹೊದ್ದು ದೂರದಲ್ಲಿ ಕುಳಿತಳು. ತೋಳ ಬಂತು, ಮರಿಗಳಿಗೆ ಮೊಲೆ ಕೊಟ್ಟು ಹೋಯಿತು. ಮೇಡಂ ಸಖುಬಾಯಿಯ ಕೈ ಹಿಡಿದುಕೊಂಡು ಅತ್ತೇಬಿಟ್ಟಳು. ಸಖುಬಾಯಿಗೆ ಹೆಮ್ಮೆ. ಮಾಡಿದ್ದು ಹುಚ್ಚುತನ, ಮೇಲೆ ಹೆಮ್ಮೆ ಬೇರೆ.

ಮುಂದಿನ ವಾರ ಸತೀಶಕುಮಾರ ಚಿಟಗುಪ್ಪದ ಸಂತೆಯಿಂದ ಕಂಬಳಿಗಳ ಗಂಟನ್ನೇ ಹೊತ್ತು ತಂದ. ಬಂದಬಂದವರೆಲ್ಲ ಅದನ್ನು ಹೊದ್ದು ಗವಿಯ ಬಾಯಿಗೇ ಹೋಗಿ ಕೂತರು. ಚಿಪ್ಸ್ ತಿಂದರು, ಸೆಲ್ಫಿ ತೆಗೆದರು. ಸಖುಬಾಯಿ ಬಾಯಿಗೆ ಬಂದಂತೆ ಬೈದಳು. "ಇದೊಂದು ರವಿವಾರ್ರಿ ಅತ್ತಿ" ಅಂತ ಅವನು ಹಲ್ಲು ಗಿಂಜಿದ.

ಆ ರವಿವಾರವೇ, ಇನ್ನೂ ಶಿವರಾತ್ರಿ ಕಳೆದಿಲ್ಲ, ಆಕಾಶ ಕಪ್ಪಿಟ್ಟಿತು.

"ಎಬ್ಬಸು ಮಂದೀನ" ಅಂದಳು ಸಖುಬಾಯಿ. "ಗವಿ ಹಳ್ಳದ ದಂಡ್ಯಾಗ ಅದ. ಮಳಿ ಬರೂದ್ರೊಳಗ ಆಕಿ ಮರಿ ಕಚಗೊಂಡು ದಿನ್ನಿ ಮ್ಯಾಲ ಒಯ್ಯಬೇಕು."

"ಮೋಡ ಇದ್ರ ಫೋಟೋ ಛಲೋ ಬರ್ತಾವಂತ್ರಿ. ಸ್ವಲ್ಪ ತಡೀರಿ."

ದಿನ್ನೆಯ ಮೇಲೆ ತೋಳ ಅತ್ತಿಂದಿತ್ತ ಸುತ್ತುತ್ತಿತ್ತು. ಅಷ್ಟು ಮಂದಿಯ ನಡುವೆ ಇಳಿಯುವ ಧೈರ್ಯ ಅದಕ್ಕಾಗಲಿಲ್ಲ. ಪ್ರವಾಸಿಗಳು ಅದನ್ನೂ ಫೋಟೋ ಹೊಡೆದರು.

ಆಲಿಕಲ್ಲು ಬೀಳತೊಡಗಿದ ಮೇಲೆ ಎಲ್ಲರೂ ದಂಡೆಯ ಮೇಲಿನ ಜೀಪಿಗೆ ಓಡಿದರು. ಸಖುಬಾಯಿ ಹಳ್ಳಕ್ಕೆ ಇಳಿಯುವಷ್ಟರಲ್ಲಿ ಕೆಂಪು ನೀರು ಗವಿಯೊಳಗೆ ನುಗ್ಗಿತ್ತು.

ಮಳೆ ನಿಂತಾಗ ಆಕೆ ಕೆಸರಿನೊಳಗೆ ಕೈ ಹಾಕಿ ಮರಿಗಳನ್ನು ಒಂದೊಂದಾಗಿ ತೆಗೆದು ಹುಲ್ಲಿನ ಮೇಲಿಟ್ಟಳು. ಒಂದರಲ್ಲೂ ಉಸಿರಿರಲಿಲ್ಲ. ಕಣ್ಣೊರೆಸಿಕೊಂಡು ತಲೆ ಎತ್ತಿದರೆ ತೋಳ ಎದುರಿಗೇ ನಿಂತಿತ್ತು. ಒದ್ದೆ ಕಂಬಳಿಯ ಮುದುಕಿಯನ್ನು ಕಂಡು ಅದು ಓಡಲಿಲ್ಲ. ಹೆಜ್ಜೆ ಮುಂದಿಟ್ಟು, ಮರಿಗಳ ಕಡೆ ಮೂಗು ಚಾಚಿತು. ಇಷ್ಟಾದ ಮೇಲೂ ನನ್ನನ್ನು ನಂಬಿದೆಯಲ್ಲ ಅಂದುಕೊಂಡಳು ಸಖುಬಾಯಿ.

"ಅತ್ತಿ, ಅಲುಗಾಡಬ್ಯಾಡ್ರಿ" ಅಂತ ಸತೀಶಕುಮಾರ ಜೀಪಿನಿಂದ ಮೆಲ್ಲಗೆ ಕೂಗಿದ. "ಫೋಟೋ ತೆಗಿಯಾಕತ್ತಾರ."

ಸಖುಬಾಯಿ ಕಲ್ಲೆತ್ತಿ ಬೀಸಿದಳು. ಅದು ತೋಳದ ಪಕ್ಕೆಗೆ ಬಡಿಯಿತು.

"ಹೋಗ ನನ್ನವ್ವಾ. ನನ್ನನ್ನೂ ನಂಬಬ್ಯಾಡ."

ಕುಂಯ್ಗುಡುತ್ತ ಓಡಿದ ತೋಳ ದಿನ್ನೆಯ ಬುಡದಲ್ಲಿ ನಿಂತು ತಿರುಗಿ ನೋಡಿತು. ಆಕೆ ಅಳುತ್ತಲೇ ಇನ್ನೊಂದು ಕಲ್ಲು ಎತ್ತಿಕೊಂಡಳು.