ಒಳಗೆ ಉಳಿದ ಚೂರು

“ಹೆರಿಗೆ ಮಾಡಿಸಿದ್ದು ಯಾರು?”

ಆಂಬುಲೆನ್ಸಿನಿಂದ ಇಳಿದ ನರ್ಸು ನಡುಮನೆಯಲ್ಲಿ ಕೇಳಿದ್ದು ಅಡುಗೆಮನೆಯ ಕದದ ಹಿಂದಿದ್ದ ಸೂಲಗಿತ್ತಿ ತುಳಸಮ್ಮನಿಗೆ ಕೇಳಿಸಿತು. ಅವಳನ್ನು ಅಲ್ಲಿಗೆ ತಳ್ಳಿದವಳು ಬಾಣಂತಿ ಶಿವರಂಜಿನಿಯ ಅತ್ತೆ ತ್ರಿಪುರಸುಂದರಿ.

“ಯಾರೂ ಇಲ್ಲಮ್ಮ, ತಾನಾಗೇ ಆಗೋಯ್ತು. ನೀವು ಮೆಜೆಸ್ಟಿಕ್ ದಾಟೋ ಹೊತ್ಗೆ ಮಗು ಕೈಗೇ ಬಂತು.”

ತುಳಸಮ್ಮನನ್ನು ಉಳಿಸಲೆಂದೇ ಹೇಳಿದ ಸುಳ್ಳು. ಚಾಮರಾಜಪೇಟೆಯ ಆ ಬೀದಿಯಲ್ಲಿ ಅವಳ ತಾಯಿ ಯಾರ ಅಪ್ಪಣೆಯೂ ಇಲ್ಲದೆ ಹೆರಿಗೆ ಮಾಡಿಸಿದ್ದಳು. ತುಳಸಮ್ಮನಿಗಾದರೋ ಸರ್ಕಾರವೇ ತರಬೇತಿ ಕೊಟ್ಟು, ಕತ್ತರಿ, ದಾರದ ಪೆಟ್ಟಿಗೆಯನ್ನೂ ಕೊಟ್ಟಿತ್ತು. ಆಮೇಲೆ ಅದೇ ಸರ್ಕಾರಕ್ಕೆ ಮನೆಹೆರಿಗೆ ಬೇಡವಾಯಿತು; ಕೊಟ್ಟ ಕೈಯೇ ಪೆಟ್ಟಿಗೆ ಕಿತ್ತುಕೊಂಡಿತು. ಹೋದ ವರ್ಷವಂತೂ ಆರೋಗ್ಯ ಕೇಂದ್ರಕ್ಕೆ ಕರೆಸಿ, ಇನ್ನೊಮ್ಮೆ ಬಸುರಿಯ ಮೈ ಮುಟ್ಟಿದರೆ ಕೇಸು ಎಂದು ಹೆಬ್ಬೆಟ್ಟು ಒತ್ತಿಸಿಕೊಂಡರು. ಅಂದಿನಿಂದ ಅರವತ್ತೆಂಟರ ಹೆಂಗಸು ಪೊಲೀಸ್ ಜೀಪು ಕಂಡರೆ ಪಕ್ಕದ ರಸ್ತೆಗೆ ತಿರುಗುತ್ತಿದ್ದಳು.

ಇಂದು ಶಿವರಂಜಿನಿಯ ಕೂಗು ಕೇಳಿ ಎಲ್ಲ ಮರೆತು ಓಡಿ ಬಂದಿದ್ದಳು. ಈಗ ಎಲ್ಲ ನೆನಪಾಗುತ್ತಿತ್ತು.

“ಮಾಸು ಪೂರ್ತಿ ಬಂತಾ?”

“ಬಂತಮ್ಮ, ಎಲ್ಲಾ ಬಂತು.”

ಮಗುವಿನ ಹಿಂದೆಯೇ ಬಂದ ಮಾಸು ತುಳಸಮ್ಮನ ಕಾಲ ಬಳಿ ಬೇಸಿನ್ನಿನಲ್ಲಿತ್ತು. ಅದನ್ನು ತೊಳೆದು, ಅಂಗೈ ಮೇಲೆ ಹರಡಿ, ಅಂಚಿನ ಸುತ್ತ ಬೆರಳಾಡಿಸಿ ನೋಡದೆ ಬಾಣಂತಿಯ ಮನೆ ಬಿಡಬಾರದೆಂದು ತಾಯಿ ಕಲಿಸಿದ್ದಳು. ಬಗ್ಗಿ ನೋಡಿದಳು. ಒಂದು ಕಡೆ ಹೋಳಿಗೆ ಮುರಿದಂತೆ ಎರಡು ಬೆರಳಗಲದ ಚೂರು ಇರಲಿಲ್ಲ. ಅದು ಒಳಗೇ ಉಳಿದಿದೆ, ರಕ್ತ ನಿಲ್ಲುವುದಿಲ್ಲ. ಯಾರಿಗೂ ಗೊತ್ತಾಗದಿದ್ದರೆ ಹುಡುಗಿ ಉಳಿಯುವುದಿಲ್ಲ.

ಸುಮ್ಮನಿದ್ದರೆ ತನ್ನನ್ನು ಕೇಳುವವರಿಲ್ಲ. ಈ ವಯಸ್ಸಿನಲ್ಲಿ ಜೈಲೇ, ಶಿವನೇ! ಸ್ಟ್ರೆಚರ್ ಹೊಸಿಲು ದಾಟುವ ಸದ್ದಾಯಿತು.

ಬೇಸಿನ್ ಎತ್ತಿಕೊಂಡು ಹೊರಬಂದಳು.

“ನಿಲ್ಲೀಮ್ಮಾ. ಹೆರಿಗೆ ಮಾಡ್ಸಿದ್ದು ನಾನು. ಮಾಸು ಪೂರ್ತಿ ಬಂದಿಲ್ಲ, ನೋಡಿ ಇಲ್ಲಿ.”

ತ್ರಿಪುರಸುಂದರಿ ಹಣೆ ಚಚ್ಚಿಕೊಂಡಳು. ನರ್ಸು ಬೇಸಿನ್ನಿಗೆ ಬಗ್ಗಿ ನೋಡಿದವಳೇ ಆಸ್ಪತ್ರೆಗೆ ಫೋನ್ ಮಾಡಿ, “ಡಾಕ್ಟ್ರನ್ನ ಕರೀರಿ, ಓ.ಟಿ. ರೆಡಿ ಇಡಿ” ಎಂದು ಕೂಗಿದಳು. ಆಮೇಲೆ ತುಳಸಮ್ಮನತ್ತ ತಿರುಗಿ, “ಅದನ್ನ ಹಿಡ್ಕೊಂಡು ನೀವೂ ಹತ್ತಿ” ಎಂದಳು.

ಗಾಡಿ ಹೊರಟಿತು. ತುಳಸಮ್ಮ ತೊಡೆಯ ಮೇಲಿದ್ದ ಬೇಸಿನ್ ತುಳುಕದಂತೆ ಎರಡೂ ಕೈಯಿಂದ ಹಿಡಿದುಕೊಂಡಳು. ನರ್ಸು ಒಂದು ಕೈಯಿಂದ ಶಿವರಂಜಿನಿಯ ಹೊಟ್ಟೆ ಒತ್ತಿ ಹಿಡಿದು, ಇನ್ನೊಂದು ಕೈಗೆ ಪೆನ್ನು ತೆಗೆದುಕೊಂಡಳು.

“ನಿಮ್ಮ ಹೆಸ್ರು, ವಿಳಾಸ?”

ತುಳಸಮ್ಮ ಹೇಳಿದಳು, ಮನೆ ನಂಬರಿನ ಸಮೇತ.